ಸೂತಕದ ವಾರದಲ್ಲಿ ಒಂದು ದೋಣಿ

ನಾನು ನಿಂತಿದ್ದುದು ಕೆರೆಯ ಏರಿಯ ಮೇಲೆ, ತೂಬಿನ ಎರಡು ಕಲ್ಲುಗಂಬಗಳಿಗೆ ಎಡಗಡೆ, ಹೊಂಗೆಮರದ ನೆರಳು ಮುಗಿಯುವ ಕಡೆ. ೧೯೮೩ರ ಬೇಸಿಗೆ. ಭಾನುವಾರ ಬೆಳಿಗ್ಗೆ, ಹತ್ತು ಗಂಟೆ ಆಗಷ್ಟೇ ದಾಟಿತ್ತು. ಆ ಕೆರೆ ಕೋಣನಕುಂಟೆ ಕಳೆದು ತಲಘಟ್ಟಪುರ ಬರುವುದಕ್ಕೆ ಮುಂಚೆ, ಕನಕಪುರ ರಸ್ತೆಯಿಂದ ಎಡಕ್ಕೆ ಇಳಿದರೆ ಸಿಗುತ್ತಿತ್ತು. ಈಗ ಹುಡುಕಿದರೂ ಸಿಗುವುದಿಲ್ಲ.

ಸೈಕಲ್ಲನ್ನು ಮರಕ್ಕೆ ಒರಗಿಸಿದ್ದೆ. ಡ್ರಾಯಿಂಗ್ ಹಲಗೆಯನ್ನು ಕ್ಯಾರಿಯರ್‌ನಿಂದ ಇನ್ನೂ ಬಿಚ್ಚಿರಲಿಲ್ಲ. ಕೆಳಗೆ, ಒಣಗಿದ ಕೆರೆಯಂಗಳದಿಂದ ಒಂದು ಸದ್ದು ಬಂತು. ಒಣಗಿದ ತೆಂಗಿನಗರಿಯ ದಿಂಡನ್ನು ಯಾರೋ ಮಂಡಿಗೆ ಕೊಟ್ಟು ಮುರಿದ ಹಾಗೆ. ನೋಡಿದೆ. ಅಲ್ಲಿ ಯಾರೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಇನ್ನೊಂದು ಸದ್ದು ಬಂತು, ಮೊದಲಿನದಕ್ಕಿಂತ ಉದ್ದವಾಗಿ, ಕೊನೆಯಲ್ಲಿ ಸೀಳಿದಂತೆ.

ಏರಿಯ ಆ ತುದಿಯಲ್ಲಿ ನೀರುಗಂಟಿಯ ಸೊಸೆ ಎಮ್ಮೆ ಹಿಡಿದುಕೊಂಡು ನಿಂತಿದ್ದಳು. ಯಾವಾಗಲೂ ಹತ್ತಿರ ಬರುವವಳು ಅಂದು ಬರಲಿಲ್ಲ. ಅಲ್ಲಿಂದಲೇ ಕೂಗಿದಳು:

"ಪೆನ್ಸಿಲ್ ಸಾರ್, ಅದು ಬೆಳಗಿಂದ ಹಂಗೇ ಮಾತಾಡ್ತಾ ಐತೆ."

ಅದು ಎಂದರೆ ದೋಣಿ. ದೋಣಿ ಸಿಗಿಯುತ್ತಿತ್ತು.

ಇದನ್ನು ಬರೆಯುವಾಗ ಕಂಡದ್ದನ್ನು ಕಂಡದ್ದೆಂದೂ ಕೇಳಿದ್ದನ್ನು ಕೇಳಿದ್ದೆಂದೂ ಹೇಳುತ್ತೇನೆ. ಸದ್ದು ನಾನೇ ಕೇಳಿದ್ದು. ಎಮ್ಮೆ ಹಿಡಿದ ಹೆಣ್ಣು ಹೇಳಿದ ಮಾತು ಅಕ್ಷರಶಃ ಅದೇ. ಆ ವಾರದ ಉಳಿದ ದಿನಗಳಲ್ಲಿ ನಡೆದದ್ದು ಆಮೇಲೆ ಅವಳ ಮಾವ ಹೇಳಿ ತಿಳಿದದ್ದು.

ನಾನಾಗ ಸರ್ಕಾರಿ ಕಚೇರಿಯೊಂದರಲ್ಲಿ ಡ್ರಾಫ್ಟ್ಸ್‌ಮನ್. ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನ ಹಿಂದುಗಡೆ ಬಾಡಿಗೆ ಮನೆ. ವಾರವೆಲ್ಲ ಚರಂಡಿ, ಕಲ್ವರ್ಟ್, ನೀರಿನ ಕೊಳವೆ ಬರೆಯುವುದು. ನಮ್ಮ ಮನೆಯಿಂದ ಎರಡು ರಸ್ತೆ ಆಚೆ ಒಬ್ಬ ಹೆಂಗಸು ಇದ್ದರು. ಮದುವೆಯಾಗಿರಲಿಲ್ಲ, ತಾಯಿಯ ಜೊತೆ ವಾಸ. ಒಂದು ಮ್ಯೂಸಿಯಮ್ಮಿನ ಲ್ಯಾಬಿನಲ್ಲಿ ಕೆಮಿಸ್ಟ್. ಕಂಚಿನ ವಿಗ್ರಹಗಳ ಕಿಲುಬು ತೆಗೆಯುವುದು, ಓಲೆಗರಿಗೆ ಎಣ್ಣೆ ಹಚ್ಚುವುದು ಅವರ ಕೆಲಸ. ಎಲ್ಲರೂ ಅವರನ್ನು ಮೇಡಂ ಎನ್ನುತ್ತಿದ್ದರು, ನಾನೂ ಹಾಗೇ ಅಂದೆ, ಇಲ್ಲಿಯೂ ಹಾಗೇ ಬರೆಯುತ್ತೇನೆ.

ಅವರ ಅಡುಗೆಮನೆಯ ಕಿಟಕಿಯಲ್ಲಿ ಒಂದು ಉಪ್ಪಿನಕಾಯಿ ಜಾಡಿ ಇತ್ತು. ಅದರಲ್ಲಿ ನೀರು, ನೀರಿನೊಳಗೆ ಅಂಗೈಯಷ್ಟು ಕಪ್ಪು ಮರದ ತುಂಡು. ವಾರಕ್ಕೊಮ್ಮೆ ನೀರು ಬದಲಾಯಿಸುತ್ತಿದ್ದರು. ಮೊದಲ ಸಲ ಹೋದಾಗ ಮೀನು ಸಾಕಿದ್ದಾರೇನೋ ಎಂದು ಬಗ್ಗಿ ನೋಡಿದೆ. ಅವರ ತಾಯಿ, "ಮೀನಾದ್ರೆ ಒಂದಿನ ಸಾಯುತ್ತಪ್ಪಾ, ಇದು ನನ್ನ ಮೇಲೂ ಇರುತ್ತೆ" ಎಂದರು.

ಅದು ಹಡಗಿನ ಮರ. ಮೇಡಂ ಕೆಲಸಕ್ಕೆ ಸೇರಿದ ಹೊಸದರಲ್ಲಿ ಕರಾವಳಿಯ ಒಂದು ಊರಿನಲ್ಲಿ ಮಳೆಗಾಲದ ಅಲೆಗಳು ಮರಳನ್ನು ಕೊಚ್ಚಿಕೊಂಡು ಹೋಗಿ ಹಳೆಯ ಹಡಗಿನ ಪಕ್ಕೆಲುಬುಗಳು ಎದ್ದು ಬಂದಿದ್ದವಂತೆ. ಅಧಿಕಾರಿಗಳು ಲಾರಿಯಲ್ಲಿ ತಂದು ಒಂದು ಗೋಡೌನಿನಲ್ಲಿ ಜೋಡಿಸಿದರು, ಸುತ್ತ ಹಗ್ಗ ಕಟ್ಟಿದರು, ಹಾರ ಹಾಕಿ ಫೋಟೋ ತೆಗೆಸಿಕೊಂಡರು. ಮಳೆಗಾಲ ಕಳೆದು ಮೇಡಂ ನೋಡಲು ಹೋದಾಗ ಕಸಪೊರಕೆಯಿಂದ ಗುಡಿಸುವಂಥದ್ದು ಮಾತ್ರ ಉಳಿದಿತ್ತು. ಮೊದಲ ದಿನ ಅವರು ಕೈಚೀಲದಲ್ಲಿ ಒದ್ದೆ ಬಟ್ಟೆ ಸುತ್ತಿ ತಂದಿದ್ದ ಆ ತುಂಡು ಮಾತ್ರ ಹಡಗಿನ ಮರವಾಗಿ ಉಳಿಯಿತು.

"ಕಲ್ಲು ಒಣಗಿದ್ರೂ ಕಲ್ಲೇ," ಎಂದು ಒಮ್ಮೆ ನನಗೆ ವಿವರಿಸಿದ್ದರು. "ಮರ ಹಾಗಲ್ಲ ನೋಡಿ. ನೂರಾರು ವರ್ಷ ನೀರಿನಲ್ಲಿ ಕೂತ ಮರದ ತಿರುಳನ್ನ ನೀರು ತಿಂದುಬಿಟ್ಟಿರುತ್ತೆ. ತಿಂದ ಜಾಗದಲ್ಲಿ ತಾನೇ ಕೂತಿರುತ್ತೆ. ಆಕಾರ ಹಿಡಿದಿರೋದು ನೀರೇ. ನೀರು ಎದ್ದು ಹೋದ್ರೆ ಹಸಿ ಹಪ್ಪಳ ಬಿಸಿಲಲ್ಲಿ ಮುದುಡಿದ ಹಾಗೆ ಮುದುಡುತ್ತೆ. ಆಮೇಲೆ ಎಷ್ಟು ನೀರು ಹಾಕಿದ್ರೂ ಹಪ್ಪಳ ಹಿಟ್ಟಾಗಲ್ಲ."

ಆ ವರ್ಷ ಮಳೆಯಿಲ್ಲ. ಕೆರೆಗಳೆಲ್ಲ ಒಣಗಿದವು. ಜೆ.ಪಿ. ನಗರದಲ್ಲೂ ಬಿ.ಟಿ.ಎಂ. ಕಡೆಯೂ ಹೊಸ ಮನೆಗಳು ಏಳುತ್ತಿದ್ದವು, ಇಟ್ಟಿಗೆ ಗೂಡುಗಳವರಿಗೆ ಕೆರೆಯ ಗೋಡುಮಣ್ಣು ಬೇಕಿತ್ತು. ಅವರ ಆಳುಗಳು ಮಣ್ಣು ಅಗೆಯುವಾಗ, ಕೆರೆಯ ತೀರಾ ತಗ್ಗಿನಲ್ಲಿ, ಇನ್ನೂ ತೇವ ಉಳಿದಿದ್ದ ಕಡೆ, ಗುದ್ದಲಿಗೆ ಮರ ತಾಗಿತು. ಸೌದೆಗಾದೀತೆಂದು ಒಂದು ತುದಿ ಬಿಡಿಸಿದಾಗ ಹಲಗೆಯ ಅಂಚಿನುದ್ದಕ್ಕೂ ಸಾಲಾಗಿ ತೂತುಗಳು ಕಂಡವು. ನೀರುಗಂಟಿ ಅಗೆತ ನಿಲ್ಲಿಸಿದ. ಕೆರೆಯ ತೂಬು ಎತ್ತುವುದು, ಗದ್ದೆಗಳಿಗೆ ನೀರು ಹಂಚುವುದು ಅವನ ವಂಶದ ಕೆಲಸ. ಕೆರೆಯಲ್ಲಿ ಸಿಕ್ಕಿದ್ದು ಕೆರೆಯದು, ಗೂಡಿನವರದ್ದಲ್ಲ ಎಂದು ಅವನ ವಾದ. ಜಗಳ ಪೊಲೀಸ್ ಠಾಣೆಗೆ ಹೋಯಿತು, ಅಲ್ಲಿಂದ ಸುದ್ದಿ ಹೇಗೋ ಲ್ಯಾಬಿಗೆ ಬಂತು.

ಮೇಡಂ ಅಂದೇ ಸಂಜೆ ನಮ್ಮ ಮನೆ ಬಾಗಿಲಲ್ಲಿದ್ದರು. ಚಪ್ಪಲಿಗೆ ಮೆತ್ತಿದ ಕೆಸರು ಒಣಗಿತ್ತು. "ಅಳತೆ ಚಿತ್ರ ಬರೀಬೇಕು. ನಮ್ಮಲ್ಲಿ ಬರೆಯೋರಿಲ್ಲ. ಭಾನುವಾರ ಬರ್ತೀರಾ?" ಎಂದರು.

ಮೊದಲ ಭಾನುವಾರ ನಾನು ಕಂಡದ್ದು ಹೀಗೆ. ಒಂದೇ ಮರದ ಬೊಡ್ಡೆಯನ್ನು ತೋಡಿ ಮಾಡಿದ ಒಡಲು, ಹದಿನೆಂಟು ಅಡಿಗೆ ಸ್ವಲ್ಪ ಕಡಿಮೆ. ಅದರ ಎರಡೂ ಬದಿಗೆ ಎತ್ತರ ಹೆಚ್ಚಿಸಲು ಒಂದೊಂದು ಹಲಗೆ. ಎಲ್ಲೂ ಮೊಳೆ ಇಲ್ಲ. ಒಡಲಿಗೂ ಹಲಗೆಗೂ ಎದುರುಬದುರಾಗಿ ಕಿರುಬೆರಳು ಹೋಗುವಷ್ಟು ಗುಂಡನೆಯ ತೂತುಗಳು. ಅವುಗಳಲ್ಲಿ ಒಂದು ಕಾಲಕ್ಕೆ ಹುರಿ ಇತ್ತು. ದೋಣಿಯನ್ನು ಹೊಲಿದಿದ್ದರು, ರವಿಕೆ ಹೊಲಿಯುವಂತೆ.

"ಇದು ಸಮುದ್ರದವರ ಕೈ," ಎಂದರು ಮೇಡಂ. ಮಂಡಿಯೂರಿ ಕೆಸರಿನಲ್ಲಿ ಕೂತಿದ್ದರು. "ಕರಾವಳಿಯಲ್ಲಿ ಹೀಗೆ ಹೊಲೀತಾರೆ. ನಮ್ಮ ಕಡೆ ಕೆರೆಗೆ ಹರಿಗೋಲು ಸಾಕು. ಇಷ್ಟು ಒಳನಾಡಿಗೆ ಈ ಹೊಲಿಗೆ ಗೊತ್ತಿದ್ದೋನು ಯಾರು ಬಂದ, ಯಾಕೆ ಬಂದ?"

ನೀರುಗಂಟಿ ಹೇಳಿದ: "ನಮ್ಮ ತಾತನ ಕಾಲದಾಗೂ ದೋಣಿ ಇತ್ತು ಅಂತ ಯಾರೂ ಅಂದಿಲ್ಲ ತಾಯಿ. ಹರಿಗೋಲು ಇತ್ತು, ಅದರಾಗೆ ತೂಬಿನ ತಾವ ಹೋಗ್ತಿದ್ರು. ಇದು ಯಾರ್ದೋ."

ದೋಣಿಯ ವಯಸ್ಸು ಎಷ್ಟೆಂದು ನಾನು ಕೇಳಿದಾಗಲೆಲ್ಲ ಮೇಡಂ ತಲೆ ಅಲ್ಲಾಡಿಸುತ್ತಿದ್ದರು. "ಗೊತ್ತಿಲ್ಲ. ಉಳಿದರೆ ಅದೇ ಹೇಳುತ್ತೆ."

ಅವರಿಗೆ ಅದೇ ಬೇಸಿಗೆಯ ಕೊನೆಗೆ ನಿವೃತ್ತಿ. ಒಂದು ಸಂಜೆ ಕನಕಪುರ ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತ ನಿಂತಾಗ, ನಾನು ಕೇಳದೆಯೇ ಹೇಳಿದರು: "ಇಷ್ಟು ವರ್ಷ ಬೇರೆಯವರು ಉಳಿಸಿದ್ದನ್ನ ಒರೆಸಿ ಇಟ್ಟೆ ಅಷ್ಟೇ. ನನ್ನ ಕೈಯಿಂದ ಒಂದು ದೋಣಿ ಉಳೀಬೇಕು. ಒಂದು ಸಾಕು."

ಉಳಿಸುವ ದಾರಿ ಅವರಿಗೆ ಗೊತ್ತಿತ್ತು. ಲ್ಯಾಬಿನ ಹಿತ್ತಲಲ್ಲಿ ದೋಣಿ ಮಲಗುವಷ್ಟು ಉದ್ದದ ಇಟ್ಟಿಗೆ ತೊಟ್ಟಿ ಕಟ್ಟಬೇಕು. ಮೇಣದಂಥ ಒಂದು ಬಿಳಿ ರಾಸಾಯನಿಕ ಬೊಂಬಾಯಿಯಿಂದ ಬರಬೇಕು. ಅದನ್ನು ಬಿಸಿನೀರಿನಲ್ಲಿ ಕರಗಿಸಿ ದೋಣಿಯನ್ನು ಅದರಲ್ಲಿ ಮುಳುಗಿಸಿದರೆ, ವರ್ಷಗಟ್ಟಲೆಯಲ್ಲಿ, ನೀರು ಹೊರಗೆ ಬಂದು ಮೇಣ ಒಳಗೆ ಕೂರುತ್ತದೆ. ತೊಟ್ಟಿ ಏಳುತ್ತಿತ್ತು. ಅದು ಒಣಗಿ ಗಟ್ಟಿಯಾಗುವವರೆಗೆ, ಮೇಣ ಬರುವವರೆಗೆ, ದೋಣಿ ಇದ್ದ ಜಾಗದಲ್ಲೇ ಇರಬೇಕು. ಮತ್ತು ಒದ್ದೆಯಾಗಿ ಇರಬೇಕು.

ಬರಗಾಲದಲ್ಲಿ ನೀರು ಎಲ್ಲಿಂದ ತರುವುದು? ಊರಿಗೆ ಇದ್ದದ್ದು ಏರಿಯ ಹಿಂದಿನ ಒಂದೇ ಬಾವಿ. ಅದರಲ್ಲಿ ರಾತ್ರಿಯೆಲ್ಲ ಒಸರಿದಷ್ಟೇ ಬೆಳಿಗ್ಗೆ ನೀರು. ಮೇಡಂ ಗೋಣಿಚೀಲಗಳನ್ನು ತರಿಸಿ ದೋಣಿಗೆ ಹೊದಿಸಿದರು, ಅದರ ಮೇಲೆ ಹುಲ್ಲು ಹಾಕಿಸಿದರು. ಚೀಲಗಳನ್ನು ದಿನಾ ನೆನೆಸಬೇಕು ಎಂದು ಬಾವಿಕಟ್ಟೆಯಲ್ಲಿ ಹೆಂಗಸರಿಗೆ ಕೈಮುಗಿದು ಹೇಳಿದರು.

ನೀರುಗಂಟಿಯ ಸೊಸೆಗೆ ಆಗ ಇಪ್ಪತ್ತೈದರ ಆಸುಪಾಸು, ಬಾಯಿ ಜೋರು. "ಏನಮ್ಮಾ, ನೀರ್ ಹಾಕಿದ್ರೆ ಚಿಗುರ್ತದಾ? ಚಿಗುರಿದ್ರೆ ಹೇಳಿ, ಎಮ್ಮೆಗಾದ್ರೂ ಸೊಪ್ಪಾಯ್ತದೆ" ಎಂದಳು. ಬಾವಿಕಟ್ಟೆಯೆಲ್ಲ ನಕ್ಕಿತು. ನನ್ನ ಕಿವಿಯ ಮೇಲಿನ ಪೆನ್ಸಿಲ್ ನೋಡಿ, "ಈ ಪೆನ್ಸಿಲ್ ಸಾರು ಕಟ್ಟಿಗೇನ ಬರೀತಾ ಕೂತವ್ರೆ, ನಮ್ಮತ್ತೆ ಅಡಿಗೆಮನೇಲಿ ಅಷ್ಟೊಂದ್ ಸೌದೆ ಐತೆ, ಅದನ್ನೂ ಬರೀತಾರಾ ಕೇಳ್ರಮ್ಮಾ" ಎಂದಳು. ನನಗೆ ಹೆಸರು ಬಿದ್ದದ್ದು ಅಂದೇ.

ಒಬ್ಬರೂ ನೀರು ಹಾಕಲಿಲ್ಲ. ಮೂರನೆಯ ದಿನಕ್ಕೆ ಚೀಲಗಳ ಅಂಚು ಒಣಗಿ ಬೆಳ್ಳಗಾಗಿತ್ತು. ಮೇಡಂ ಜಯನಗರದಿಂದ ಬಸ್ಸಿನಲ್ಲಿ ಎರಡು ಪ್ಲಾಸ್ಟಿಕ್ ಕೊಡದಲ್ಲಿ ತಮ್ಮ ಮನೆಯ ನಲ್ಲಿ ನೀರು ತಂದರು. ಕಂಡಕ್ಟರ್ ಲಗೇಜು ಎಂದನಂತೆ, "ಇದು ತೀರ್ಥಾನಾ ಮೇಡಂ?" ಎಂದನಂತೆ. ಅದನ್ನು ನೋಡಿ ನೀರುಗಂಟಿಗೆ ಏನನ್ನಿಸಿತೋ. ಬೀಡಿ ಆರಿಸಿ ಹತ್ತಿರ ಬಂದ. ಅವತ್ತು ಕಚೇರಿಗೆ ರಜೆ, ನಾನೂ ಅಲ್ಲೇ ಇದ್ದೆ.

"ಕಟ್ಟಿಗೆ ಅಂದ್ರೆ ಒಬ್ಬರೂ ಹಾಕಕಿಲ್ಲ ತಾಯಿ. ಗಂಗಮ್ಮ ಅಂದ್ರೆ ಹಾಕ್ತಾರೆ."

ಮೇಡಂ ಕೊಡ ಕೆಳಗಿಟ್ಟರು.

"ಕೆರೆ ಒಳಗಿಂದ ಎದ್ದವಳೆ. ಮಳೆ ಇಲ್ದಿರೋ ವರ್ಷ ಎದ್ದವಳೆ. ನಾನು ಒಂದ್ ಮಾತು ಅಂದ್ರೆ ಸಾಕು. ನೀವು ಹೂಂ ಅನ್ಬೇಕು."

ಅವರು ದೇವಸ್ಥಾನಕ್ಕೆ ಹೋಗುವವರಲ್ಲ. ಬನಶಂಕರಿಗೆ ತಾಯಿಯನ್ನು ಕರೆದುಕೊಂಡು ಹೋದರೂ ತಾವು ಹೊರಗೆ ನಿಂತು ಚಪ್ಪಲಿ ಕಾಯುತ್ತಿದ್ದರು. ಅವತ್ತು ದೋಣಿಯನ್ನೇ ಬಹಳ ಹೊತ್ತು ನೋಡಿದರು. "ಮರಕ್ಕೆ ಅರಿಶಿನ ಕುಂಕುಮ ಹಚ್ಚಬಾರದು. ಎಣ್ಣೆ ಹಾಕಬಾರದು. ದೀಪ ದೂರ ಇಡಬೇಕು," ಎಂದರು.

"ಪಕ್ಕದಾಗೆ ಒಂದ್ ಕಲ್ಲು ನಿಲ್ಲಿಸ್ತೀನಿ. ಅದಕ್ಕೆ ಹಚ್ಚಲಿ."

"ಹಾಗಾದ್ರೆ ಅನ್ನಿ," ಎಂದರು ಮೇಡಂ.

ಆಮೇಲಿನದನ್ನು ನಾನು ಎಷ್ಟೋ ಜನಕ್ಕೆ ಹೇಳಿ ಸಂತೋಷಪಟ್ಟಿದ್ದೇನೆ, ಈಗ ಹೇಳಲು ಕಷ್ಟವಾಗುತ್ತದೆ. ಮರುದಿನದಿಂದ ಬಾವಿಯ ಸುತ್ತಲಿನ ಪ್ರತಿ ಮನೆಯೂ ಬೆಳಿಗ್ಗೆ ಸೇದಿದ ಮೊದಲ ಬಿಂದಿಗೆಯನ್ನು ಕೆರೆಯಂಗಳಕ್ಕೆ ತಂದಿತು. ಉಳಿದ ನೀರಲ್ಲ, ಪಾತ್ರೆ ತೊಳೆದ ನೀರಲ್ಲ, ಮೊದಲನೆಯದು. ಮಕ್ಕಳಿಗೆ ಮುಖ ತೊಳೆಸುವ ಮುಂಚೆ, ಎಮ್ಮೆಗೆ ಕುಡಿಸುವ ಮುಂಚೆ. ಹೆಂಗಸರು ಸಾಲಾಗಿ ಏರಿ ಇಳಿದು ಬರುತ್ತಿದ್ದರು, ಚೀಲದ ಮೇಲೆ ನಿಧಾನವಾಗಿ, ತಲೆಯಿಂದ ಬಾಲದ ಕಡೆಗೆ ಸುರಿಯುತ್ತಿದ್ದರು. ಹಾಗೆ ಸುರಿಯುವುದನ್ನು ಮೇಡಂ ಹೇಳಿಕೊಟ್ಟಿರಲಿಲ್ಲ, ಮಗುವಿಗೆ ನೀರು ಹಾಕುವ ಅಭ್ಯಾಸದಿಂದ ಬಂದದ್ದು. ಕಲ್ಲಿಗೆ ಕುಂಕುಮ ಏರಿತು, ದೋಣಿಗೆ ಒಂದು ಚುಕ್ಕೆಯೂ ಬೀಳಲಿಲ್ಲ. ಇಟ್ಟಿಗೆ ಗೂಡಿನವರು ಆ ಕಡೆಗೆ ತಲೆ ಹಾಕುವುದನ್ನೂ ಬಿಟ್ಟರು.

ಸೊಸೆಯ ಬಾಯಿ ಮಾತ್ರ ನಿಲ್ಲಲಿಲ್ಲ. "ನೋಡಿ ಸಾರ್, ನಮ್ಮತ್ತೆ ನಂಗೆ ಒಂದ್ ಚೊಂಬು ಬಿಸಿನೀರ್ ಕೊಡಲ್ಲ, ಈ ಯಮ್ಮಂಗೆ ಬಿಂದಿಗೆ ಬಿಂದಿಗೆ" ಎನ್ನುವಳು. ಆದರೆ ಅವಳ ಬಿಂದಿಗೆಯೇ ಎಲ್ಲರಿಗಿಂತ ಮುಂಚೆ ಬರುತ್ತಿತ್ತು.

ಮೇಡಂ ವಾರದ ಮಧ್ಯೆ ಒಮ್ಮೆ ಹೋಗುತ್ತಿದ್ದರು, ನಾನು ಭಾನುವಾರ. ಹೋದಾಗ ಚೀಲದ ಕೆಳಗೆ ಕೈ ತೂರಿಸಿ ನೋಡುತ್ತಿದ್ದೆ. ತಣ್ಣಗೆ, ನುಣ್ಣಗೆ, ಸೋಪಿನಂತೆ ಇರುತ್ತಿತ್ತು. ಒಂದೊಂದೇ ಭಾಗದ ಹೊದಿಕೆ ಸರಿಸಿ ಅಳೆದು ಬರೆದು ಮತ್ತೆ ಮುಚ್ಚುತ್ತಿದ್ದೆ. ಬಲಗಡೆಯ ಹಲಗೆ ಪೂರ್ತಿ ಬರೆದಿದ್ದೆ. ಎಡಗಡೆಯದು ಅರ್ಧ ಉಳಿದಿತ್ತು.

ಬೊಂಬಾಯಿಯ ಮೇಣ ಬರುವುದು ತಡವಾಯಿತು. ರೈಲ್ವೆಯವರೋ ಕಂಪನಿಯವರೋ, ಒಬ್ಬರನ್ನೊಬ್ಬರು ತೋರಿಸುತ್ತಿದ್ದರು. ಮೇಡಂ ರಜೆ ಹಾಕಿ ತಾವೇ ಹೋದರು. ಹೋಗುವ ಮೊದಲು, ಆ ಭಾನುವಾರ, ನನ್ನ ಜೊತೆ ಕೆರೆಗೆ ಬಂದಿದ್ದರು. ಎಲ್ಲ ಸರಿಯಾಗಿತ್ತು. ನಮಗೆ ಇದ್ದ ಭಯಗಳೆಂದರೆ ಆಲಿಕಲ್ಲು ಮಳೆ, ಮೇಕೆಗಳು, ಗೂಡಿನವರ ಎತ್ತಿನಗಾಡಿ. ಅದನ್ನೆಲ್ಲ ನೀರುಗಂಟಿಗೆ ಹೇಳಿದರು. ಅವನ ಅಣ್ಣ, ಹಣ್ಣಾದ ಮುದುಕ, ಏರಿಯ ಮೇಲೆ ಎಲೆಯಡಿಕೆ ಕುಟ್ಟುತ್ತ ಕೂತಿದ್ದ. "ಬೊಂಬಾಯಿಂದ ಏನ್ ತತ್ತೀಯವ್ವಾ?" ಎಂದ. "ಮೇಣ ತಾತ, ದೋಣಿಗೆ" ಎಂದರು ಮೇಡಂ. "ನಂಗೂ ಒಂಚೂರು ಮಡಗು, ನಾನೂ ಒಣಗೀವ್ನಿ" ಎಂದು ಮುದುಕ ಬಾಯಗಲಿಸಿ ನಕ್ಕ.

ಸೋಮವಾರ ಅವನು ತೀರಿಕೊಂಡ. ಬಿಸಿಲಿನಿಂದ ಒಳಗೆ ಬಂದು ಮಲಗಿದವನು ಏಳಲಿಲ್ಲವಂತೆ.

ಆ ಊರಿನ ಕೆಳಗಿನ ಬೀದಿಯಲ್ಲಿ, ಬಾವಿಯ ಸುತ್ತ ಇದ್ದ ಮನೆಗಳೆಲ್ಲ ಒಂದೇ ಬೇರಿನವು. ಅಣ್ಣತಮ್ಮಂದಿರ ಮಕ್ಕಳು, ಮೊಮ್ಮಕ್ಕಳು. ಒಂದು ಮನೆಯಲ್ಲಿ ಸಾವಾದರೆ ಅಷ್ಟೂ ಮನೆಗಳಿಗೆ ಸೂತಕ. ಸೂತಕದವರು ತಿಥಿ ಮುಗಿದು ಮೈಲಿಗೆ ಕಳೆಯುವವರೆಗೆ ದೇವರ ತಂಟೆಗೆ ಹೋಗುವಂತಿಲ್ಲ. ಮನೆಯ ದೇವರಗೂಡಿನ ದೀಪವನ್ನೂ ಹಚ್ಚುವಂತಿಲ್ಲ. ಮೇಲಿನ ಬೀದಿಯವರಿಗೆ ಈ ಕೆರೆಯ ಗಂಗಮ್ಮನ ಪೂಜೆ ಹಿಂದಿನಿಂದಲೂ ಇಲ್ಲ. ಹೀಗಾಗಿ ಮಂಗಳವಾರ ಬೆಳಿಗ್ಗೆ ಬಾವಿಯಿಂದ ಹೊರಟ ಮೊದಲ ಬಿಂದಿಗೆ ಮನೆಗೆ ಹೋಯಿತು. ಬುಧವಾರವೂ ಮನೆಗೆ. ದೋಣಿ ಬರೀ ಕಟ್ಟಿಗೆಯಾಗಿ ಉಳಿದಿದ್ದರೆ ಸೂತಕದ ಕೈಯೂ ಅದನ್ನು ನೆನೆಸಬಹುದಿತ್ತು.

ಅದು ಎಂಥ ಬಿಸಿಲಿನ ವಾರ ಎಂದು ಆ ವರ್ಷ ಬೆಂಗಳೂರಿನಲ್ಲಿದ್ದವರಿಗೆ ನೆನಪಿರಬಹುದು. ಯಾರೂ ಮುಟ್ಟದ್ದನ್ನು ಕಂಡ ಮೇಕೆಗಳು ಹುಲ್ಲನ್ನು ತಿಂದವು. ಗಾಳಿ ಒಣಗಿದ ಚೀಲಗಳನ್ನು ಮಗುಚಿ ಹಾಕಿತು. ಮಗುಚಿದ ಚೀಲವನ್ನು ಎತ್ತಿ ಹೊದಿಸುವುದೂ ಮುಟ್ಟಿದಂತೆಯೇ ಅಲ್ಲವೇ.

ಮುಂದಿನ ಭಾನುವಾರ, ಆ ಸದ್ದು ಕೇಳಿ, ನಾನು ಏರಿ ಇಳಿದು ಹತ್ತಿರ ಹೋದೆ. ದೋಣಿಯ ಎರಡು ಬದಿಗಳೂ ಒಳಕ್ಕೆ ಸುರುಳಿ ಸುತ್ತಿಕೊಂಡಿದ್ದವು, ಮಳೆಯಲ್ಲಿ ನೆನೆದು ಒಣಗಿದ ರಟ್ಟಿನ ಹಾಗೆ. ಬಲಗಡೆಯ ಹಲಗೆ ಬೇರೆಯಾಗಿ ಬಿದ್ದಿತ್ತು. ಮುಂಭಾಗದಿಂದ ಶುರುವಾದ ಬಿರುಕು ನಾನು ನೋಡುತ್ತಿರುವಂತೆಯೇ ನಡುವಿನವರೆಗೆ ಬಂತು. ಅದಕ್ಕೇ ಆ ಸದ್ದು. ಕಪ್ಪಗೆ ನುಣ್ಣಗೆ ಇದ್ದ ಮೈ ಬೂದಿಬಣ್ಣಕ್ಕೆ ತಿರುಗಿ ಚೌಕ ಚೌಕವಾಗಿ ಒಡೆದಿತ್ತು. ನಾನು ಮುಟ್ಟಿದ ಕಡೆ ಒಂದು ಚೌಕ ಕಳಚಿ ನನ್ನ ಅಂಗೈಗೆ ಬಂತು. ತೂಕವೇ ಇರಲಿಲ್ಲ.

ಸೊಸೆ ಎಮ್ಮೆ ಕಟ್ಟಿ ಬಂದಳು, ಹತ್ತು ಮಾರು ದೂರದಲ್ಲೇ ನಿಂತಳು. ಅವಳು ಜೋರು ಮಾತಾಡಲಿಲ್ಲ. "ದೊಡ್ಡಮಾವ ಹೋಗ್ಬುಟ್ರು ಸಾರ್, ಸೋಮವಾರ," ಎಂದಳು. ಆಮೇಲೆ, "ಅವಳು ಏನಂತಾಳೆ ಸಾರ್? ಮಳೆ ಬತ್ತದಂತಾ?" ಎಂದಳು. ದೋಣಿಯ ಸದ್ದನ್ನು ಅವಳು ಬೆಳಗಿನಿಂದ ಹಾಗೆ ಕೇಳಿಸಿಕೊಳ್ಳುತ್ತಿದ್ದಳು. "ಗೊತ್ತಿಲ್ಲಮ್ಮ" ಎಂದೆ.

ನೀರು ಕೇಳಲೇ ಎಂದು ಯೋಚಿಸಿದೆ. ಹಪ್ಪಳದ ಮಾತು ನೆನಪಾಯಿತು. ಚೀಲಗಳನ್ನು ಎತ್ತಿ ಹೊದಿಸಿದೆ. ಬೇರೇನೂ ಹೊಳೆಯಲಿಲ್ಲ.

ಮಧ್ಯಾಹ್ನಕ್ಕೆ ಮುಂಚೆ ಏರಿಯ ಮೇಲೆ ಒಂದು ಟೆಂಪೋ ಬಂದು ನಿಂತಿತು. ಮೇಡಂ ಬೊಂಬಾಯಿಯ ರೈಲಿನಿಂದ ಇಳಿದು ನೇರ ಬಂದಿದ್ದರು. ಭಾನುವಾರ ಲ್ಯಾಬಿಗೆ ಬೀಗ, ಡ್ರಮ್ಮುಗಳನ್ನು ರಾತ್ರಿ ಡ್ರೈವರನ ಮನೆಯಲ್ಲಿಟ್ಟು ಸೋಮವಾರ ಇಳಿಸಿದರಾಯಿತು, ಅದಕ್ಕೆ ಮೊದಲು ಒಂದು ಸಲ ನೋಡಿಕೊಂಡು ಹೋಗೋಣ ಎಂದು. ಬನಶಂಕರಿಯ ಹುಡುಗ ಡ್ರೈವರ್, ಮೀಸೆ ಈಗಷ್ಟೇ ಬಂದವನು. ಮೇಡಂ ಮುಂದಿನ ಸೀಟಿನಿಂದಲೇ ನನಗೆ ಕೈಬೀಸಿದರು. "ಸಿಕ್ತು!" ಎಂದು ಕೂಗಿದರು. "ಆರೂ ಡ್ರಮ್ ಸಿಕ್ತು!"

ಅವರನ್ನು ಏರಿಯ ಮೇಲೆಯೇ ತಡೆಯಬೇಕೆಂದು ನಾನು ಹತ್ತತೊಡಗಿದೆ. ಅಷ್ಟರಲ್ಲಿ ಅವರು ಸೀರೆ ಎತ್ತಿ ಹಿಡಿದು ಇಳಿಯುತ್ತಿದ್ದರು. ನನ್ನ ಮುಖ ನೋಡಿದರು. ನೇರ ದೋಣಿಯ ಕಡೆ ನಡೆದರು.

ಚೀಲ ಸರಿಸಿದರು. ನೋಡಿದರು. ಇನ್ನೊಂದು ಸರಿಸಿದರು. ಬದಿಯ ಹಲಗೆಯ ತೂತೊಂದಕ್ಕೆ ಕಿರುಬೆರಳು ಹಾಕಲು ಹೋದರು. ಅದು ಹೋಗಲಿಲ್ಲ. ಗುಂಡಗಿದ್ದ ತೂತುಗಳೆಲ್ಲ ಮುಚ್ಚಿದ ಕಣ್ಣಿನಂತೆ ಸಪಾಟಾಗಿದ್ದವು.

ನೀರುಗಂಟಿ ಬಂದ. ತಲೆ ಬೋಳಿಸಿತ್ತು. ಅವನೂ ದೂರದಲ್ಲೇ ನಿಂತ. ಅಣ್ಣನ ಸಾವು ಹೇಳಿದ. ಮೇಡಂ ಎದ್ದು ನಿಂತು, "ಅಯ್ಯೋ, ತಾತ ಹೋದ್ರಾ" ಎಂದರು. ಮೊದಲು ಅದನ್ನೇ ಅಂದರು, ನಾನು ಸರಿಯಾಗಿ ನೆನಪಿಟ್ಟಿದ್ದೇನೆ. ಆಮೇಲೆ ಕೇಳಿದರು: "ಯಾರನ್ನಾದ್ರೂ ಕಳಿಸಬಹುದಿತ್ತಲ್ಲಪ್ಪ. ಇವರ ಮನೆ ಗೊತ್ತಿತ್ತಲ್ಲ. ನಿಲ್ಲಿಸಿದ್ದೀವಿ ಅಂತ ಒಂದು ಮಾತು."

ನೀರುಗಂಟಿಗೆ ಪ್ರಶ್ನೆ ಅರ್ಥವಾಗಲಿಲ್ಲ. ನಿಜವಾಗಿಯೂ ಅರ್ಥವಾಗಲಿಲ್ಲ, ಅವನ ಮುಖದಲ್ಲಿ ಕಾಣುತ್ತಿತ್ತು. "ಸೂತಕದಾಗೆ ಮುಟ್ಟಕ್ಕಾಯ್ತದಾ ತಾಯಿ? ಗುಡಿ ಬಾಗ್ಲು ಹಾಕ್ತೀವಿ. ಮೈಲಿಗೆ ಕಳೆದ ಮ್ಯಾಕೆ ತೆಗೀತೀವಿ. ಅವಳು ಕಾಯ್ತಾಳೆ. ಬಾಗ್ಲು ಹಾಕಿದ್ರೆ ದೇವರು ಸಾಯ್ತದಾ?"

ಟೆಂಪೋ ಹುಡುಗ ಮೇಲಿನಿಂದ ಹಾರ್ನ್ ಒತ್ತಿ, "ಮೇಡಂ, ಡ್ರಮ್ ಬಿಸಿಲಲ್ಲಿ ಕರಗುತ್ತಾ?" ಎಂದು ಕೇಳಿದ.

"ಇಲ್ಲಪ್ಪ, ಸಾಯಲ್ಲ," ಎಂದರು ಮೇಡಂ ನೀರುಗಂಟಿಗೆ. "ನಿಮ್ಮ ತಪ್ಪಲ್ಲ."

ನೀರುಗಂಟಿ ಹೋದ ಮೇಲೆ ಅವರು ಕೆರೆಯಂಗಳದ ಒಣಮಣ್ಣಿನ ಮೇಲೆ ಕೂತರು. ನಾನು ಕೊಡೆ ಹಿಡಿದೆ. ನನ್ನ ಕಡೆ ತಿರುಗದೆ, "ನಾನೇ ಅನ್ನಿ ಅಂದೆ. ನೀರು ಬೇಕಿತ್ತು. ನೀರಿನ ಜೊತೆ ಏನೇನು ಬರುತ್ತೆ ಅಂತ ಯೋಚನೆ ಮಾಡಲಿಲ್ಲ," ಎಂದರು. ಅತ್ತರೆ ನಾನು ಏನಾದರೂ ಹೇಳಬಹುದಿತ್ತು. ಅವರು ಅಳಲಿಲ್ಲ. "ಎಡಗಡೆ ಅರ್ಧ ಬಾಕಿ ಇತ್ತಲ್ಲ, ಬರೀರಿ" ಎಂದರು.

"ಈಗಾ? ಏನಂತ ಬರೀಲಿ ಮೇಡಂ? ಒಂದು ಅಳತೇನೂ ಸೇರಲ್ಲ."

"ಇದ್ದದ್ದನ್ನ ಇದ್ದ ಹಾಗೆ ಬರೀರಿ."

ಬರೆದೆ. ಒಂದೇ ಹಾಳೆಯಲ್ಲಿ ಆ ದೋಣಿಯ ಬಲಭಾಗ ಹಸಿಯಾಗಿಯೂ ಎಡಭಾಗದ ಅರ್ಧ ಒಣಗಿಯೂ ಇದೆ. ನಡುವೆ ಗೆರೆಗಳು ಕೂಡುವುದಿಲ್ಲ.

ತಿಥಿಯ ಮಾರನೆಯ ದಿನ ನೀರುಗಂಟಿ ಹೇಳಿ ಕಳಿಸಿದ: ಮೈಲಿಗೆ ಕಳೆಯಿತು, ಗಂಗಮ್ಮನಿಗೆ ನೀರು ಹಾಕುತ್ತೇವೆ, ಅಮ್ಮನವರು ಬರಬೇಕು. ಮೇಡಂ ಬರುತ್ತಾರೆಂದು ನಾನು ಅಂದುಕೊಂಡಿರಲಿಲ್ಲ. ಬೆಳಿಗ್ಗೆ ನಮ್ಮ ಗೇಟಿನ ಮುಂದೆ ಅದೇ ಟೆಂಪೋ ನಿಂತಿತ್ತು. ಉಳಿದ ಚೂರುಗಳನ್ನಾದರೂ ತುಂಬಿಕೊಂಡು ಬರುವುದು ಎಂದು ಅವರ ಲೆಕ್ಕ. ನಾನು ಕಚೇರಿಗೆ ಹೋಗಲಿಲ್ಲ.

ಕೆರೆಯಂಗಳದಲ್ಲಿ ಅಷ್ಟು ಜನರನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಹೆಂಗಸರು ತಲೆಗೆ ನೀರು ಹಾಕಿಕೊಂಡು ಬಂದಿದ್ದರು, ಕೂದಲು ಒದ್ದೆ, ಸೀರೆ ಒಗೆದದ್ದು. ಇಷ್ಟು ದಿನ ಕೊಡದೆ ಉಳಿದದ್ದನ್ನೆಲ್ಲ ಒಂದೇ ದಿನ ತೀರಿಸಬೇಕೆಂದು ಮನೆಗೆ ಎರಡೆರಡು ಮೂರು ಮೂರು ಬಿಂದಿಗೆ. ಬಾವಿ ತಳ ಕಂಡಿತ್ತು. ಕೊನೆಯ ಬಿಂದಿಗೆಗಳಲ್ಲಿ ಕೆಸರೇ ಹೆಚ್ಚಿತ್ತು. ಮೊದಲು ಸುರಿದವಳು ಸೊಸೆ, ತಲೆಯಿಂದ ಬಾಲದ ಕಡೆಗೆ, ನಿಧಾನವಾಗಿ. ನೀರು ಬಿರುಕಿನಿಂದ ಕೆಳಗೆ ಇಳಿದು ಮಣ್ಣಿನಲ್ಲಿ ಮಾಯವಾಯಿತು. ನೀರು ಬಿದ್ದ ಕಡೆ ಬೂದಿಬಣ್ಣ ಕಪ್ಪಾಯಿತು, ಒಂದು ಗಳಿಗೆ ಮೊದಲಿನಂತೆಯೇ ಕಂಡಿತು. ಆಮೇಲೆ ಅಂಚಿನ ಚೌಕಗಳು ಕಳಚಿಕೊಂಡು ನೀರಿನ ಜೊತೆ ಹೋದವು.

"ಹೇಳೋಣ ಮೇಡಂ," ಎಂದೆ. "ಸುರಿದಷ್ಟೂ ಇನ್ನೂ ಉದುರುತ್ತೆ. ಚೂರೂ ಉಳಿಯಲ್ಲ. ಕುಡಿಯೋಕೂ ನೀರಿಲ್ಲ ಪಾಪ, ಬಾವಿ ನೋಡಿ."

"ಬೇಡ," ಎಂದರು.

"ತುಂಬ್ಕೊಂಡು ಹೋಗೋಣ ಅಂತ ತಾನೇ ಟೆಂಪೋ ತಂದದ್ದು?"

"ನೀವು ಸುಮ್ಮನಿರಿ."

ಸೊಸೆ ಖಾಲಿ ಬಿಂದಿಗೆ ಸೊಂಟಕ್ಕಿಟ್ಟುಕೊಂಡು ಅವರ ಹತ್ತಿರ ಬಂದಳು. ಈಗ ಹತ್ತಿರ ಬರಬಹುದಿತ್ತು. ಮೇಡಂ ಮುಖವನ್ನು ನೋಡುತ್ತ ನಿಂತಳು. ಅವಳಿಗೆ ಎಷ್ಟು ತಿಳಿದಿತ್ತೋ ನನಗೆ ಗೊತ್ತಿಲ್ಲ. ಹಿಂದಿದ್ದವಳ ಕೈಯಿಂದ ತುಂಬಿದ ಬಿಂದಿಗೆ ತೆಗೆದುಕೊಂಡು ಮೇಡಂ ಕಡೆ ಚಾಚಿ, "ನೀವೂ ಒಂದ್ ಬಿಂದಿಗೆ ಹಾಕಿ ಅಮ್ಮಾ. ನಿಮ್ಮದಲ್ವಾ ಅದು," ಎಂದಳು.

ಮೇಡಂ ಚಪ್ಪಲಿ ಬಿಟ್ಟರು. ಬಿಂದಿಗೆ ತೆಗೆದುಕೊಂಡರು. ಅದು ಭಾರವಾಗಿತ್ತು, ಒಂದು ಕಡೆಗೆ ವಾಲಿದರು, ನಾನು ಮುಂದೆ ಹೋದೆ, ಅವರು ತಲೆ ಅಲ್ಲಾಡಿಸಿದರು. ತಲೆಯಿಂದ ಬಾಲದ ಕಡೆಗೆ, ಉಳಿದವರು ಸುರಿದಂತೆಯೇ, ಪೂರ್ತಿ ಸುರಿದರು. ಮುಂಭಾಗ ಎರಡು ಹೋಳಾಗಿ ಎರಡು ಕಡೆಗೆ ಮಗುಚಿತು. ಹೆಂಗಸರು ಕೈಮುಗಿದರು. ಖಾಲಿ ಬಿಂದಿಗೆಯನ್ನು ವಾಪಸು ಕೊಡುವಾಗ ಅವರು ಅಳುತ್ತಿದ್ದರು. ಸದ್ದಿಲ್ಲದೆ, ಬಾಯಿ ಮುಚ್ಚಿಕೊಂಡು, ಭುಜ ಮಾತ್ರ ಅಲುಗುತ್ತಿತ್ತು. ಊರಿನವರು ಅದನ್ನು ಭಕ್ತಿ ಎಂದುಕೊಂಡರು. ಸೊಸೆ ಹಾಗೆ ಅಂದುಕೊಳ್ಳಲಿಲ್ಲ. ಅವಳು ಮೇಡಂ ತೋಳು ಹಿಡಿದುಕೊಂಡು ಏರಿಯವರೆಗೂ ಬಂದಳು.

ಟೆಂಪೋ ಖಾಲಿ ಬಂತು.

ಇದನ್ನು ಕಂಡವರಲ್ಲಿ ಮೇಡಂ ಈಗ ಇಲ್ಲ. ನೀರುಗಂಟಿಯೂ ಇಲ್ಲ, ಬಾವಿಕಟ್ಟೆಯ ಹೆಂಗಸರಲ್ಲಿ ನನಗೆ ಮುಖ ಗೊತ್ತಿದ್ದವರೂ ಹೋದರು. ಅವನ ಸೊಸೆ ಇದ್ದಾಳೆ, ಜೆ.ಪಿ. ನಗರದಲ್ಲಿ ಮಗಳ ಮನೆಯಲ್ಲಿ, ಕಣ್ಣಿಗೆ ಪೊರೆ ಬಂದಿದೆ, ಮಾತು ಹಾಗೇ ಇದೆ. ಟೆಂಪೋ ಓಡಿಸಿದವನು ಬನಶಂಕರಿಯಲ್ಲಿ ಇದ್ದಾನೆ, ಏರಿಯ ಮೇಲಿನಿಂದ ನೋಡಿದ್ದು, ಕೇಳಿದರೆ ಹೇಳುತ್ತಾನೆ. ಮತ್ತು ನಾನು.